ಮೂಗು ಮುರಿದ ನಾನೂರ ಹನ್ನೆರಡು ಹಂಚು

ಮೊದಲು ಖರ್ಚು ಎಷ್ಟಾಯಿತೆಂದು ಹೇಳಿಬಿಡುತ್ತೇನೆ. ನಾನೂರ ಹನ್ನೆರಡು ಹಂಚು, ಬೇಸಿಗೆಯ ಕೊನೆಯ ಒಂಬತ್ತು ದಿನ, ಜೊತೆಗೆ ನನ್ನ ಸಾಮಾನನ್ನು ವರ್ಷಗಟ್ಟಲೆ ಹೊಳೆಯಲ್ಲಿ ಸಾಗಿಸಿದ ಒಬ್ಬ ತಾಂಡೇಲನ ಮಾತು. ಹಂಚನ್ನು ಮತ್ತೆ ತರಿಸಿದೆ. ದಿನವನ್ನು ಹೇಗೋ ಹೊಂದಿಸಿದೆ. ದೋಣಿಯ ಯಜಮಾನನಾದ ಆ ತಾಂಡೇಲ ಮಾತ್ರ ಮುಂದಿನ ದೀಪಾವಳಿಯ ತನಕ ನನ್ನ ಹತ್ತಿರ ಒಂದು ವೀಳ್ಯದೆಲೆಯನ್ನೂ ಕೇಳಲಿಲ್ಲ.

ಇಷ್ಟೆಲ್ಲ ಯಾಕೆ ಹೋಯಿತು? ಒಬ್ಬನ ಕೈಚಳಕವನ್ನು ನಾನು ಚೌಕಾಸಿ ಮಾಡಿ ಕೊಂಡೆ. ಆ ಕೈ ಏನನ್ನು ಹಿಡಿದು ಹಿಡಿದು ಕಲಿತದ್ದು ಎಂದು ಕೇಳಲಿಲ್ಲ. ತಲೆಯ ಮೇಲೆ ಹಂಚು ಹೊತ್ತು ಮೇಲೆ ಬಂದವನು ನಾನು. ಎತ್ತಿನ ಹಲ್ಲು, ಮರದ ಗಂಟು, ಸುಣ್ಣದ ಕಲ್ಲು ಎಲ್ಲ ನೋಡಿಯೇ ಕೊಳ್ಳುವವನು. ಆದರೂ ಸೋತೆ. ನೀವು ಸೋಲಬಾರದೆಂದು ಬರೆಯುತ್ತಿದ್ದೇನೆ.

ಯುದ್ಧ ಮುಗಿದ ಮರುಬೇಸಿಗೆ. ಗುಲ್ವಾಡಿಯಲ್ಲಿ ಹೊಳೆ ದಂಡೆಯ ಒಂದು ಶಾಲೆಗೆ ಹಂಚು ಹೊದಿಸುವ ಗುತ್ತಿಗೆ ನನ್ನದಾಗಿತ್ತು. ಹಳೆಯ ಮುಳಿಹುಲ್ಲಿನ ಮಾಡು ತೆಗೆದಾಗಿತ್ತು, ಗೋಡೆ ಬತ್ತಲೆ ನಿಂತಿತ್ತು. ಕೃತ್ತಿಕೆ ಮಳೆ ಕಾಲು ಊರುವ ಮೊದಲು ಆರು ಸಾವಿರ ಹಂಚು ಮೇಲೇರಬೇಕು. ಕುಂದಾಪುರದ ಕಾರ್ಖಾನೆಯಿಂದ ದೋಣಿಗೆ ಎರಡು ಸಾವಿರದಂತೆ ಮೂರು ದೋಣಿ.

ತೊಡಕಿದ್ದದ್ದು ಹೊಳೆಯಲ್ಲಿ. ಸಮುದ್ರದ ನೀರು ಉಬ್ಬಿ ಭರತ ಇರುವಾಗ ದೋಣಿ ಕಲ್ಲಿನ ಮೆಟ್ಟಿಲಿಗೇ ಬಂದು ತಾಗುತ್ತದೆ. ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರಾಯಿತು. ಇಳಿತವಾದರೆ ದೋಣಿಗೂ ಮೆಟ್ಟಿಲಿಗೂ ನಡುವೆ ಹದಿನೈದು ಅಡಿ ಕೆಸರು. ಕಾಲಿಟ್ಟರೆ ಮೊಣಕಾಲು ಹುಗಿಯುತ್ತದೆ, ಹಲಗೆ ಹಾಕಿದರೆ ಹಲಗೆಯೂ ಹುಗಿಯುತ್ತದೆ. ಹಗಲಿನ ಭರತ ನಮಗೆ ಸಿಗುವುದು ಒಂದೂವರೆ ಎರಡು ಗಂಟೆ. ಹೀಗಾಗಿ ಒಂದು ದೋಣಿ ಖಾಲಿಯಾಗಲು ಎರಡು ದಿನ, ಕೆಲವೊಮ್ಮೆ ಮೂರು. ಇಳಿತದಲ್ಲೂ ಆ ಹದಿನೈದು ಅಡಿಯಾಚೆಯಿಂದ ಎಸೆದ ಹಂಚನ್ನು ಹಿಡಿಯುವವನೊಬ್ಬ ಸಿಕ್ಕಿದರೆ ಎಂಬ ಯೋಚನೆ ನನ್ನನ್ನು ತಿನ್ನುತ್ತಿತ್ತು. ಸಾಲಿನಲ್ಲಿ ಆರಡಿ ದೂರದ ಹಂಚನ್ನು ಯಾರಾದರೂ ಹಿಡಿಯುತ್ತಾರೆ. ಹದಿನೈದು ಅಡಿಯೆಂದರೆ ಎಲ್ಲರೂ ಎರಡು ಹೆಜ್ಜೆ ಹಿಂದೆ.

ಆಳು ಹುಡುಕಿಕೊಂಡು ತಲ್ಲೂರಿಗೆ ಹೋದವನಿಗೆ ಅವನು ಕಾಣಿಸಿದ್ದು ಬಸ್ಸಿನ ಪಕ್ಕದಲ್ಲಿ. ಇದ್ದಿಲು ಗ್ಯಾಸಿನ ಬಸ್ಸು ಏದುಸಿರು ಬಿಡುತ್ತ ನಿಂತಿತ್ತು. ಕ್ಲೀನರ್ ಮೇಲೆ ಹತ್ತಿ ಸಾಮಾನು ಬಿಸಾಡುತ್ತಿದ್ದ, ಕೆಳಗೊಬ್ಬ ಹಿಡಿಯುತ್ತಿದ್ದ. ಮೂವತ್ತರ ಆಸುಪಾಸಿನ ಗಿಡ್ಡ ಆಳು. ಎಡಗೈಗೆ ಅರ್ಧ ಹಲಸಿನಕಾಯಿಯಷ್ಟು ದಪ್ಪದ ತೊಗಲಿನ ಗವಸು. ಚಾಪೆ, ಗಂಟು, ಹಿತ್ತಾಳೆ ಕೊಡ, ಯಾವುದು ಬಂದರೂ ಆ ತೊಗಲಿನೊಳಗೆ ಧಪ್ಪೆಂದು ಕೂರುತ್ತಿತ್ತು. ಕ್ಲೀನರನಿಗೆ ಮಂಗಾಟ ಹತ್ತಿತು. ಒಂದು ತೆಂಗಿನಕಾಯಿಯನ್ನು ಬೀಸಿ ಎಸೆದ. ಇವನು ನೋಡಿದ್ದು ಕಾಯಿಯನ್ನಲ್ಲ, ಎಸೆದವನ ಭುಜವನ್ನು. ಕಾಯಿ ಬಂದು ಕೂತಿತು.

"ಹ್ವಾಯ್, ಎಂತ ಕೆಲ್ಸ ನಿಂದ್?" ಎಂದೆ.

"ಹಿಡೂದ್."

"ಎಂತ ಹಿಡೂದ್? ಮೀನಾ?"

"ಎಸ್ದದ್ದ್ ಹಿಡೂದ್, ಒಡೆಯರೆ. ಬೊಂಬಾಯಂಗೆ ಎರಡ್ ವರ್ಷ ಅದ್ಕೇ ಸಂಬ್ಳ ಇತ್ತ್ ನಂಗೆ."

ಚಾ ಕುಡಿಸಿ ಕತೆ ಕೇಳಿದೆ. ಬ್ರಹ್ಮಾವರದ ಕಡೆಯವನು. ಬೊಂಬಾಯಿಯಲ್ಲಿ ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಿದ್ದ. ಯುದ್ಧಕ್ಕೆ ಬಂದ ಅಮೇರಿಕದ ಸಿಪಾಯಿಗಳು ಸಂಜೆ ಮೈದಾನದಲ್ಲಿ ಬೇಸ್‌ಬಾಲ್ ಎಂಬ ಆಟ ಆಡುವರು, ಇವನು ಚಾ ಹೊತ್ತುಕೊಂಡು ಹೋಗುವನು. ಒಬ್ಬ ಎಸೆಯುತ್ತಾನೆ, ಒಬ್ಬ ದೊಣ್ಣೆಯಿಂದ ಹೊಡೆಯುತ್ತಾನೆ, ಹೊಡೆಯುವವನ ಬೆನ್ನ ಹಿಂದೆ ಒಬ್ಬ ಕುಕ್ಕರಗಾಲಲ್ಲಿ ಕೂತು ತಪ್ಪಿದ ಚೆಂಡನ್ನೆಲ್ಲ ಹಿಡಿಯುತ್ತಾನೆ. ಅವನಿಗೆ ಕ್ಯಾಚರ್ ಎಂದು ಹೆಸರು. ಒಂದು ದಿನ ಅವರ ಕ್ಯಾಚರನಿಗೆ ಜ್ವರ. ಇವನು ಚಾ ಕೆಟಲು ಕೆಳಗಿಟ್ಟು ಕೂತ. ಆಮೇಲೆ ಎರಡು ವರ್ಷ ಏಳಲಿಲ್ಲ. ಸಂಜೆಗೆ ಇಷ್ಟೆಂದು ಕೊಟ್ಟರು. ಇವನನ್ನು ಕೂಗುತ್ತಿದ್ದದ್ದು 'ಟೀ' ಎಂದು. ಹೆಸರು ಯಾರೂ ಕೇಳಲಿಲ್ಲ.

"ಹೊಡ್ದವ್ನಿಗೆ ಚಪ್ಪಾಳೆ, ಎಸ್ದವ್ನಿಗೆ ಚಪ್ಪಾಳೆ. ಹಿಡ್ದವ್ನ್ ಕೈ ತಪ್ಪ್ರೆ ಮಾತ್ರ ಎಲ್ರೂ ಕಾಂಬುದ್," ಎಂದು ನಕ್ಕ. ಬಲಗೈ ನೋಡಿದೆ. ಎರಡು ಬೆರಳು ಗೆಣಸಿನ ಬೇರಿನಂತೆ ಸೊಟ್ಟಗಾಗಿದ್ದವು. ಸಿಪಾಯಿಗಳು ಹಡಗು ಹತ್ತುವಾಗ ಆ ಗವಸನ್ನು ಇವನಿಗೆ ಬಿಟ್ಟುಹೋಗಿದ್ದರು.

ಅಲ್ಲೇ ಚೌಕಾಸಿ ಶುರು ಮಾಡಿದೆ. ಅವನು ಒಂದೇ ಷರತ್ತು ಹಾಕಿದ: ಮಳೆಗಾಲಕ್ಕೆ ಸಮುದ್ರ ಮುಚ್ಚುವ ಮೊದಲು ಗಂಗೊಳ್ಳಿಗೆ ಬರುವ ಕಡೆಯ ಹಡಗಿಗೆ ತನ್ನನ್ನು ಬಿಡಬೇಕು. ಆ ಹಡಗಿಗೆ ಬಂದರೆ ಮಾತ್ರ ಗ್ಲಾಸು ತೊಳೆಯುವ ಕೆಲಸ, ಇಲ್ಲದಿದ್ದರೆ ಬೇರೆಯವನಿಗೆ ಎಂದು ಹೋಟೆಲಿನ ಯಜಮಾನ ಕಾಗದ ಹಾಕಿದ್ದನಂತೆ.

"ಹೋಪುದೇ ಗ್ಯಾರಂಟಿಯಾ?"

"ಇಲ್ಲಿ ಹಿಡೂ ಕೆಲ್ಸ ಯಾರ್ ಕೊಡ್ತ್ರ್, ಒಡೆಯರೆ?"

ಇನ್ನೊಂದು ವಿಷಯ ಅವನನ್ನು ಕೆಲಸಕ್ಕೆ ಕರೆತಂದ ಮೇಲೆ ಕಿವಿಗೆ ಬಿತ್ತು. ಅವನ ಹೆಂಡತಿ ನಮ್ಮ ಶಾಲೆಯ ಕೆಲಸದಲ್ಲೇ ಇದ್ದಳು. ಬೈಂದೂರಿನ ಕಡೆಯ ಹೆಣ್ಣು, ಗುಲ್ವಾಡಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಲ್ಲು ಹೊರುತ್ತಿದ್ದಳು. ಮದುವೆಯಾಗಿ ಎಂಟು ವರ್ಷ. ಗಂಡನೊಂದಿಗೆ ಇದ್ದದ್ದು ಎಲ್ಲ ಸೇರಿಸಿ ಎರಡು ತಿಂಗಳು. ಈ ಸಲ ಅವನು ಹಡಗು ಹತ್ತಿದರೆ ತಾನು ಬೈಂದೂರಿಗೆ ಹೋಗುವುದೇ, ಮತ್ತೆ ಕರೆಯಲು ಬರುವುದು ಬೇಡ ಎಂದು ಅವಳು ಜೊತೆಯ ಹೆಂಗಸರಿಗೆ ಹೇಳಿದ್ದಳಂತೆ. ಅವನಿಗೆ ಹೇಳಿರಲಿಲ್ಲ. ನನಗೆ ಅದು ಆಗ ಕೂಲಿಯವರ ಮನೆಯ ವಿಷಯ, ಅಷ್ಟೇ.

ಮೊದಲ ದೋಣಿ ಬಂತು. ಬೇಕೆಂದೇ ಇಳಿತಕ್ಕೆ ಕಾದೆ. ತಾಂಡೇಲ ದೋಣಿಯ ಅಂಚಿನಲ್ಲಿ ನಿಂತ, ನಮ್ಮ ಕ್ಯಾಚರ್ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಕೂತವನು ಬಲಗೈಯನ್ನು ಮೊಣಕಾಲಿನ ಸಂದಿಯಲ್ಲಿಟ್ಟು ಒಂದು ಬೆರಳು ತೋರಿಸಿದ.

"ಅದೆಂತದ್?" ಎಂದ ತಾಂಡೇಲ.

"ಹೊಟ್ಟಿ ನೇರಕ್ಕೆ ಹಾಕಿ ಅಂದೇಳಿ. ಎರಡ್ ತೋರ್ಸ್ರೆ ಬಲಕ್ಕೆ. ಅಂಗೈ ಬಿಡ್ಸ್ರೆ ಮೇಲಿಂದ ನಿಧಾನ. ಮುಷ್ಟಿ ಅಂದ್ರೆ ನಿಲ್ಸಿ. ಹಿಡಿವವ ತೋರ್ಸುದ್, ಎಸೆವವ ಕಾಂಬುದ್."

ದೋಣಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ತಾಂಡೇಲ ನಗಲಿಲ್ಲ. "ಹಿಡಿವವ ಹೇಳುದ್, ಎಸೆವವ ಕೇಂಬುದ್! ನಿನ್ನ್ ಅಪ್ಪಯ್ಯ ಹುಟ್ಟೂಕ್ ಮುಂಚೆಯಿಂದ ಎಸೀತಿದ್ದೆ ನಾನ್. ತಕೋ!" ಎಂದು ಮೊದಲ ಹಂಚನ್ನು ಕಲ್ಲೆಸೆದ ಹಾಗೆ ಎಸೆದ.

ಧಪ್. ಹಂಚು ಗವಸಿನಲ್ಲಿ ಕೂತಿತು.

ಸಿಟ್ಟು ತಾಂಡೇಲನ ರಟ್ಟೆಗೆ ಇಳಿದಿತ್ತು. ಅವನು ಎಸೆದಷ್ಟೂ ಇವನು ಹಿಡಿದ. ಬೆರಳು ತೋರಿಸುವುದನ್ನೂ ಬಿಡಲಿಲ್ಲ, ಅವನು ನೋಡುವುದನ್ನೂ ಕಲಿಯಲಿಲ್ಲ. ನಾಲ್ಕು ಗಂಟೆಯಲ್ಲಿ ಎರಡು ಸಾವಿರ. ಕೆಸರಿಗೆ ಬಿದ್ದದ್ದು ಒಂಬತ್ತು. ನಾನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡಿದೆ; ಬಿರುಕಿದ್ದರೆ ಹಂಚು ಮೊಂಡಾಗಿ ಸದ್ದು ಮಾಡುತ್ತದೆ, ಇವೆಲ್ಲ ಗಂಟೆಯ ಹಾಗೆ ಖಣ್ ಎಂದವು. ಸಾಲಾಗಿ ಒಂದಕ್ಕೊಂದು ಒರಗಿಸಿ ಅಟ್ಟಿ ಕಟ್ಟಿಸಿದೆ. ಎರಡು ದಿನ ಉಳಿಸಿದೆನೆಂದು ಅಂದು ಊಟದಲ್ಲಿ ಒಂದು ತುತ್ತು ಹೆಚ್ಚೇ ಇಳಿಯಿತು.

ಮಾರನೆಯ ದಿನ ಬೆಳಿಗ್ಗೆ ಮಾಡಿನ ಮೇಲಿಂದ ಒಂದು ಹಂಚು ಸರ್ರನೆ ಜಾರಿ ಬಂದು ಅಂಗಳಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ಮೇಲಿದ್ದ ಆಚಾರಿ ಕೂಗಿದ: "ಹ್ವಾಯ್ ಗುತ್ತಿಗೆದಾರ್ರೆ, ಇದಕ್ಕ್ ಮೂಗೇ ಇಲ್ಲೆ!"

ಹಂಚಿನ ಕೆಳಮೈಯಲ್ಲಿ ಮೇಲಂಚಿಗೆ ಎರಡು ಪುಟ್ಟ ಗುಬುಟು ಇರುತ್ತವೆ. ರೀಪಿನ ಪಟ್ಟಿಗೆ ಹಂಚು ತೂಗಿ ನಿಲ್ಲುವುದು ಅದರಿಂದ. ನಾವು ಅದನ್ನು ಮೂಗು ಎನ್ನುತ್ತೇವೆ. ಮೂಗು ಹೋದರೂ ಹಂಚು ಖಣ್ ಎನ್ನುತ್ತದೆ. ಅಟ್ಟಿ ಕಟ್ಟುವಾಗ ಮೂಗು ಒಳಮುಖವಾಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಇಷ್ಟು ವರ್ಷ ಹಂಚಿನೊಂದಿಗೆ ಬದುಕಿದ ನಾನು ಸದ್ದು ಕೇಳಿ ನಂಬಿಬಿಟ್ಟೆ, ತಿರುಗಿಸಿ ನೋಡಲಿಲ್ಲ. ಅಟ್ಟಿ ಪೂರ್ತಿ ಬಿಚ್ಚಿಸಿದೆ. ನಾನೂರ ಹನ್ನೆರಡು.

ಕಾರಣ ಅವನೇ ಹೇಳಿದ. ಗವಸನ್ನು ಮಡಿಲಲ್ಲಿಟ್ಟುಕೊಂಡು, ತಲೆ ಎತ್ತದೆ. "ಚೆಂಡ್ ಬಂದಲ್ಲೇ ನಿಲ್ಸುಕ್, ಒಡೆಯರೆ. ಕೈ ಒಂಚೂರ್ ಹಿಂದೆ ಹೋಯ್ರೆ ಆಟ ಹೋಯ್ತ್. ನಂಗೆ ಅದೇ ಅಭ್ಯಾಸ." ಬಂದಲ್ಲೇ ನಿಲ್ಲಿಸಿದಾಗ ಆರು ರಾತಲು ತೂಕದ ಹಂಚಿನ ಓಟವೆಲ್ಲ ಮೂಗಿನ ಮೇಲೆ ಬಿದ್ದಿತ್ತು. ಚೆಂಡಿಗೆ ಮೂಗಿಲ್ಲ.

ತಾಂಡೇಲ ಬಾಯಿತುಂಬ ಎಲೆ ತುಂಬಿಕೊಂಡು ತೀರ್ಪು ಕೊಟ್ಟ: "ಬೊಂಬಾಯಿ ಸಾಹೇಬ್ರನ್ನ ಹಡಗ್ ಹತ್ಸಿ. ಗ್ಲಾಸಿಗೂ ಮೂಗಿಲ್ಲೆ, ಬದ್ಕಿಕಂತ್ರ್."

ಕ್ಯಾಚರ್ ಏಟು ತಿಂದವನಂತೆ ಎದ್ದು ಹೋಗಿ ಹೆಂಗಸರ ಸಾಲಿನಲ್ಲಿ ನಿಂತು ತಲೆಯ ಮೇಲೆ ಹಂಚು ಹೊರತೊಡಗಿದ. ಹಡಗಿನ ದಿನಕ್ಕೆ ಕೂಲಿ ಕೊಟ್ಟು ಕಳಿಸುವುದೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಎರಡನೆಯ ದೋಣಿಯನ್ನು, ಮುರಿದದ್ದಕ್ಕೆ ಬದಲಿ ತರಿಸಿದ ಹಂಚನ್ನೂ ಸೇರಿಸಿ, ಹಳೆಯ ಕ್ರಮದಂತೆ ಭರತ ಕಾದು ಇಳಿಸಿದೆವು. ಮೂರು ದಿನ ತಿಂದಿತು. ಪಡುವಣದಲ್ಲಿ ಮೋಡ ಕಟ್ಟಿ ಕಟ್ಟಿ ಬಿಡುತ್ತಿತ್ತು.

ಮೂರನೆಯ ದೋಣಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಗಂಜಿ ಕುಡಿದು ಅಡ್ಡಾಗಿದ್ದಾಗ ಶಾಲೆಯ ಹಿಂದಿನ ಗದ್ದೆಯಿಂದ ಹಂಚಿನ ಸದ್ದು ಕೇಳಿತು. ಕಳ್ಳರೆಂದು ಕೋಲು ಹಿಡಿದು ಹೋದೆ.

ಗಂಡ ಹೆಂಡತಿ. ಅವನು ಕುಕ್ಕರಗಾಲಲ್ಲಿ ಕೂತಿದ್ದ, ಗವಸಿಲ್ಲ, ಎರಡೂ ಬರಿಗೈ. ಅವಳು ಹದಿನೈದು ಅಡಿ ಆಚೆ, ಸೀರೆ ಎತ್ತಿಕಟ್ಟಿ ನಿಂತಿದ್ದಳು. ಕಾಲ ಬುಡದಲ್ಲಿ ನಾನು ಮೂಲೆಗೆ ಹಾಕಿಸಿದ್ದ ಮೂಗು ಮುರಿದ ಹಂಚಿನ ರಾಶಿ. ಅವನು ಬೆರಳು ತೋರಿಸಿದ. ಅವಳು ನೋಡಿದಳು. ಆಮೇಲೆ ಎಸೆದಳು. ಕೆಳಗಿನಿಂದ, ಸೊಂಟ ತಿರುಗಿಸಿ, ಹಂಚು ಮಲಗಿದ ಹಾಗೆಯೇ ಗಾಳಿಯಲ್ಲಿ ಹೋಗುವಂತೆ. ನಟ್ಟಿಯ ಗದ್ದೆಯಲ್ಲಿ ಅಗೆಯ ಸೂಡಿಯನ್ನು, ಭತ್ತದ ಸಸಿಯ ಕಟ್ಟನ್ನು, ನೆಡುವವರ ಕೈಬುಡಕ್ಕೇ ಬೀಳುವಂತೆ ಎಸೆದು ಪಳಗಿದ ಕೈ ಅದು. ಹಂಚು ಅವಳಿಗೆ ಹೊಸದಾದರೂ ಎಸೆತ ಹೊಸದಲ್ಲ.

ಅವನು ಹಿಡಿದ. ಟಕ್ ಎಂದಿತು. ಅವಳು ತಲೆ ಅಲ್ಲಾಡಿಸಿದಳು.

ಆ ಕಾಲದಲ್ಲಿ ನಮ್ಮ ಕಡೆ ನಾಲ್ಕು ಜನರೆದುರು ಹೆಂಡತಿ ಗಂಡನ ಹತ್ತಿರ ಮಾತಾಡುವ ಪದ್ಧತಿ ಇರಲಿಲ್ಲ. ಹೆಸರು ಹಿಡಿಯುವುದಂತೂ ದೂರದ ಮಾತು. ಕೆಲಸದ ಜಾಗದಲ್ಲಿ ಇವರಿಬ್ಬರು ಗುರುತಿಲ್ಲದವರ ಹಾಗೆ ಓಡಾಡುತ್ತಿದ್ದರು. ಇಲ್ಲಿ ಯಾರೂ ಇಲ್ಲವೆಂದುಕೊಂಡು ಅವಳು ಬಾಯಿ ಬಿಟ್ಟಳು.

"ಹ್ವಾಯ್, ಬಿಸಿ ಗಂಜಿ ತುಂಬಿದ್ ಬಟ್ಲ್ ಕೈಗ್ ಕೊಟ್ರೆ ಹ್ಯಾಂಗೆ ತಕಂತ್ರಿ? ಗಕ್ಕ ಹಿಡಿತ್ರ್ಯಾ? ಚೆಲ್ಲಿ ಹೋತಿಲ್ಯಾ?"

"ಇಲ್ಲಪ್ಪ. ಮೆಲ್ಲ ಈಚಿಗ್ ಎಳ್ಕಂತೆ."

"ಹಾಂಗೇ."

ಮುಂದಿನ ಹಂಚು ಬಂತು. ಅವನ ಕೈ ಮುಂದೆ ಹೋಗಿ ಅದನ್ನು ಮುಟ್ಟಿ, ಅದರ ಜೊತೆಗೇ ಹಿಂದೆ ಬಂದು, ಹೊಟ್ಟೆಯ ಹತ್ತಿರ ತಂದು ನಿಲ್ಲಿಸಿತು. ಸದ್ದೇ ಇಲ್ಲ. ಅವನು ನಕ್ಕ. ಅವಳು ನಗಲಿಲ್ಲ, ಇನ್ನೊಂದು ಹಂಚು ಎತ್ತಿಕೊಂಡು ಬೆರಳಿಗಾಗಿ ಕಾದಳು. ನನ್ನ ಕಣ್ಣು ಅವಳ ಕಾಯುವಿಕೆಯ ಮೇಲೆ ನಿಂತಿತು. ತಾಂಡೇಲ ಎಸೆಯುವುದು ತನಗೆ ಅನುಕೂಲವಾದಾಗ. ಇವಳು ಎಸೆಯುವುದು ಅವನ ಕೈ ತಯಾರಾದಾಗ. ನಾನೂರ ಹನ್ನೆರಡರಲ್ಲಿ ಅರ್ಧ ತಪ್ಪು ಗವಸಿನದು. ಉಳಿದರ್ಧ ತೋರಿಸಿದ ಬೆರಳನ್ನು ನೋಡದ ಕಣ್ಣಿನದು.

ಅಲ್ಲೇ ತೀರ್ಮಾನಿಸಿದೆ. ಕೋಲು ಕೆಳಗೆ ಹಾಕಿ ಮುಂದೆ ಹೋದೆ. ಅವಳು ಗಡಬಡಿಸಿ ಸೆರಗು ಇಳಿಸಿದಳು.

"ಮೂರ್ನೇ ದೋಣಿಯಿಂದ ನೀ ಎಸಿ," ಎಂದೆ.

ಅವಳು ನೆಲ ನೋಡುತ್ತಲೇ ಕೇಳಿದಳು, "ಗಂಡ್ಸ್ರ್ ಕೂಲಿಯಾ?"

"ಮುಕ್ಕಾಲ್ ಕೊಡ್ತೆ."

"ಹಾಂಗಾರೆ ಮುಕ್ಕಾಲ್ ದಾರಿಗೆ ಎಸಿತೆ."

ಪೂರ್ತಿ ಕೂಲಿಗೆ ಒಪ್ಪಿದೆ. ವ್ಯಾಪಾರ ಮುಗಿಯಿತೆಂದು ತಿರುಗಿದರೆ ಮುಗಿದಿರಲಿಲ್ಲ.

"ಒಡೆಯರೆ, ಮಳ್ಗಾಲದಂಗೆ ಸೋರು ಮಾಡ್ ಕಾಂಬುಕೆ ನಿಮ್ಗೆ ಆಳ್ ಬೇಕಲೆ. ಇವ್ರನ್ನ ಮಳ್ಗಾಲ ಪೂರ್ತಿ ಇಟ್ಕಣಿ."

ಅವನು ಬೆಚ್ಚಿ ಅವಳ ಕಡೆ ನೋಡಿದ. ಈ ಮಾತು ಅವನಿಗೂ ಹೊಸತು. ನಾನು ಹಳೆಯ ಹುಲಿ; ಕೂಡಲೇ ಕೊಡುವವನಲ್ಲ. "ಮೂರ್ನೇ ದೋಣಿಯಂಗೆ ಹತ್ತ್ ಮೂಗಿಗಿಂತ ಕಮ್ಮಿ ಮುರಿದ್ರೆ ಕಾಂಬ" ಎಂದೆ, ಆಮೇಲೆ ನೋಡೋಣ ಎಂಬ ಹಾಗೆ.

"ಹತ್ತ್ ಬ್ಯಾಡ, ಐದ್ ಮಾಡಿ. ಆದ್ರೆ 'ಕಾಂಬ' ಬ್ಯಾಡ. ಮಾತ್ ಈಗ್ಳೇ ಕೊಡಿ."

ನಾನು ಬಹಳ ಜನರೊಂದಿಗೆ ಚೌಕಾಸಿ ಮಾಡಿದ್ದೇನೆ. ತನ್ನ ಷರತ್ತನ್ನು ತಾನೇ ಬಿಗಿ ಮಾಡಿಕೊಂಡು ಎದುರಿನವನ ಬಾಯಿ ಕಟ್ಟಿದವರನ್ನು ಅವಳೊಬ್ಬಳನ್ನೇ ಕಂಡದ್ದು. ಮಾತು ಕೊಟ್ಟೆ. ಅವನು ಮಾತ್ರ "ಹಡಗಿನ್ ಚೀಟಿ ತೆಗ್ಸಿ ಆಯ್ತ್," ಎಂದಷ್ಟೇ ಹೇಳಿದ. ನಾನೂರು ಹಂಚು ಕೆಡಿಸಿದವನಿಗೆ ತನ್ನ ಕೈಯ ಮೇಲೆ ಭರವಸೆ ಎಲ್ಲಿಂದ ಬರಬೇಕು?

ಮೂರನೆಯ ದೋಣಿ ಬಂದದ್ದು ಸರಿಯಾಗಿ ಹಡಗಿನ ದಿನ. ತಾಂಡೇಲ ದೋಣಿಯನ್ನು ತರುವಷ್ಟರಲ್ಲಿ ಭರತ ಮುರಿದು ನೀರು ಇಳಿಯತೊಡಗಿತ್ತು. ಮೋಡ ಈ ಸಲ ಬಿಡುವ ಹಾಗೆ ಕಾಣಲಿಲ್ಲ. ಆ ಇಳಿತದ ಜೊತೆಗೇ ಗಂಗೊಳ್ಳಿಗೆ ಜನ ಸಾಗಿಸುವ ಸಣ್ಣ ದೋಣಿಯೊಂದು ಮಧ್ಯಾಹ್ನ ಹೊರಡುವುದಿತ್ತು. ಅದರಲ್ಲಿ ಅವನ ತಗಡಿನ ಪೆಟ್ಟಿಗೆ ಬೆಳಿಗ್ಗೆಯೇ ಏರಿ ಕೂತಿತ್ತು. ಅವಳೂ ಅದನ್ನು ನೋಡಿದ್ದಳು.

ತಾಂಡೇಲನ ಹತ್ತಿರ ವಿಷಯ ಹೇಳಿದಾಗ ಅವನ ಬಾಯೊಳಗಿನ ಎಲೆ ನಿಂತುಬಿಟ್ಟಿತು. "ಹೆಂಗ್ಸ್ ನನ್ನ್ ದೋಣಿಯಂಗ್ ನಿಂತ್ ಎಸೂದಾ?"

"ಹೆಂಗ್ಸ್ರ್ ದೋಣಿ ಹತ್ತಿ ಪೇಟಿಗ್ ಹೋಪುದಿಲ್ಯಾ ಮಾರಾಯಾ?"

"ಕೂತ್ ಹೋಪುದ್ ಬೇರೆ, ನಿಂತ್ ದುಡಿವುದ್ ಬೇರೆ. ಅವ್ಳ್ ಹತ್ರೆ ನಾ ಇಳಿತೆ."

"ಇಳಿ ಹಾಂಗಾರೆ."

ಬಾಯಿ ಜಾರಿತು. ಅವನು ಇಳಿದ. ಕೆಸರಿನಲ್ಲಿ ಪಚಪಚನೆ ನಡೆದು ದಂಡೆ ಹತ್ತಿ ನಮಗೆ ಬೆನ್ನು ಹಾಕಿ ಕೂತ. ಆ ಮಾತನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದಿತ್ತು. ದೀಪಾವಳಿಯ ತನಕದ ಖರ್ಚು ಅದು.

ಅವಳು ದೋಣಿಯ ಅಂಚಿನ ಹಲಗೆಯ ಮೇಲೆ ನಿಂತಳು. ಇಬ್ಬರು ಆಳು ಕೆಳಗಿನಿಂದ ಹಂಚು ಎತ್ತಿ ಅವಳ ಕೈಗೆ ಕೊಡುವುದು. ಮೂಗು ಮೇಲ್ಮುಖವಾಗಿರಬೇಕೆಂದು ನಾನೇ ನಿಂತು ಹೇಳಿಕೊಟ್ಟೆ. ಕ್ಯಾಚರ್ ಬರಿಗೈಯಲ್ಲಿ ಮೆಟ್ಟಿಲ ಮೇಲೆ ಕೂತ. ಅವನ ಹಿಂದೆ ಸಾಲು. ಒಂದು ಬೆರಳು. ಅವಳು ಎಸೆದಳು, ಅವನು ಎಳೆದುಕೊಂಡ, ಹಿಂದಕ್ಕೆ ದಾಟಿಸಿದ. ಮತ್ತೆ ಒಂದು ಬೆರಳು. ಮೊದಲಿಗೆ ನಿಧಾನವಾಗಿತ್ತು. ಇನ್ನೂರು ದಾಟಿದ ಮೇಲೆ ಬೆರಳು, ಎಸೆತ, ಹಿಡಿತ ಮೂರೂ ಒಂದೇ ಉಸಿರಾದವು. ಸಾಲಿನವರ ಹರಟೆ ತಾನಾಗಿ ನಿಂತಿತು. ಎಂಟು ವರ್ಷ ನಾಲ್ಕು ಜನರೆದುರು ಮಾತಾಡದವರು ಸಾವಿರ ಸಲ ಮಾತಾಡಿದ್ದನ್ನು ನಾವೆಲ್ಲ ನಿಂತು ನೋಡಿದೆವು.

ಸಾವಿರದ ಮುನ್ನೂರರ ಸುಮಾರಿಗೆ ಮೊದಲ ಹನಿ ಬಿತ್ತು. ಒದ್ದೆ ಹಂಚು ಜಾರುತ್ತದೆ. ಅವನು ಮುಷ್ಟಿ ತೋರಿಸಿದ, ಅವಳು ನಿಂತಳು. ಅಂಗೈ ಒದರಿ ಒರಸಿಕೊಂಡು ಬಿಡಿಸಿ ತೋರಿಸಿದ: ಮೇಲಿಂದ, ನಿಧಾನ. ಅವಳ ಕಾಲಡಿಯ ಹಲಗೆಯೂ ಒದ್ದೆಯಾಗಿತ್ತು. ಆಗ ದಂಡೆಯಲ್ಲಿ ಕೂತಿದ್ದ ತಾಂಡೇಲ ಎದ್ದ. ಯಾರ ಮುಖವನ್ನೂ ನೋಡದೆ ಕೆಸರು ತುಳಿದು ಹೋಗಿ, ಎರಡು ಗೋಣಿಚೀಲ ಮಡಿಸಿ ಅವಳ ಕಾಲ ಬುಡದಲ್ಲಿ ಹಾಸಿ, ಹಿಂದೆ ಬಂದು ಮೊದಲಿನ ಜಾಗದಲ್ಲೇ ಬೆನ್ನು ಹಾಕಿ ಕೂತ.

ಅಷ್ಟರಲ್ಲಿ ಗಂಗೊಳ್ಳಿಯ ದೋಣಿಯವ ಕೂಗಿದ. "ಹ್ವಾಯ್ ಬೊಂಬಾಯಿ! ಬತ್ಯಾ ಇಲ್ಯಾ? ನೀರ್ ಸಿಕ್ಕುದಿಲ್ಲೆ ಮತ್ತೆ!"

ಅವಳ ಕೈಯಲ್ಲಿ ಒಂದು ಹಂಚಿತ್ತು. ಎಸೆಯಲಿಲ್ಲ. ಸೆರಗು ಸರಿಮಾಡಿಕೊಳ್ಳಲೂ ಇಲ್ಲ. ಮೊದಲ ಸಲ ಎಲ್ಲರೆದುರು ಗಂಡನ ಮುಖವನ್ನು ನೇರವಾಗಿ ನೋಡಿ ನಿಂತಳು. ಆರು ರಾತಲು ಭಾರ ಹಿಡಿದು ಹಾಗೆ ನಿಲ್ಲುವುದು ಸುಲಭವಲ್ಲ. ರಟ್ಟೆ ಸಣ್ಣಗೆ ನಡುಗುತ್ತಿದ್ದದ್ದು ದಂಡೆಯವರೆಗೂ ಕಾಣುತ್ತಿತ್ತು. ಉಳಿದದ್ದು ಆರುನೂರು ಚಿಲ್ಲರೆ ಹಂಚು. ಮೇಲೆ ನನ್ನ ಮಾಡು ತೆರೆದು ಬಿದ್ದಿತ್ತು. ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ನನ್ನ ಜೀವಮಾನದಲ್ಲಿ ಮಾತಾಡದೆ ಗೆದ್ದ ಒಂದೇ ವ್ಯಾಪಾರ ಅದು.

ಅವನು ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಕಾಲನ್ನು ಇನ್ನಷ್ಟು ಅಗಲಿಸಿ ಭದ್ರವಾಗಿ ಕೂತು, ಮೊಣಕಾಲ ಸಂದಿಯಲ್ಲಿ ಒಂದು ಬೆರಳು ತೋರಿಸಿದ. ಹೊಟ್ಟೆ ನೇರಕ್ಕೆ.

ಅವಳು ಎಸೆದಳು.

ಗಂಗೊಳ್ಳಿಯ ದೋಣಿಯವ ಪೆಟ್ಟಿಗೆಯನ್ನು ದಂಡೆಗೆ ಇಳಿಸಿ, ಬೈದುಕೊಂಡು ಹೋದ. ನಾವು ಆರುನೂರನ್ನೂ ಇಳಿಸಿದೆವು. ಈ ಸಲ ಒಂದೊಂದನ್ನೂ ತಿರುಗಿಸಿ ನೋಡಿದೆ. ಮುರಿದ ಮೂಗು ನಾಲ್ಕು. ಐದನೆಯದಕ್ಕೆ ನಾನು ಆಸೆಪಟ್ಟೆನೋ ಎಂದು ನೀವು ಕೇಳಿದರೆ, ಇಲ್ಲ. ಮಾರನೆಯ ಸಂಜೆ ಮಾಡಿನ ನೆತ್ತಿಗೆ ಕೊನೆಯ ಕೋಡುಹಂಚು ಕೂತಿತು. ಅದರ ಮಾರನೆಯ ದಿನ ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಶಾಲೆಯ ಒಳಗೆ ಒಂದು ಹನಿ ಬೀಳಲಿಲ್ಲ.

ಆಮೇಲೆ ಮೂರು ಬೇಸಿಗೆ ಅವರಿಬ್ಬರೂ ನನ್ನ ಜೊತೆಗಿದ್ದರು. ಬೈಂದೂರಿನಲ್ಲಿ ಅಂಗಡಿಯ ಸಾಲು, ಬ್ರಹ್ಮಾವರದಲ್ಲಿ ಒಂದು ಅಕ್ಕಿ ಗಿರಣಿ. ಮಾಡು ನೋಡಿದವರು ಆಚಾರಿ ಯಾರೆಂದು ಕೇಳಿದರು, ಕಾರ್ಖಾನೆ ಯಾವುದೆಂದು ಕೇಳಿದರು. ಆ ಹಂಚನ್ನು ಹಿಡಿದವನು ಯಾರೆಂದು ಯಾರೂ ಕೇಳಲಿಲ್ಲ. ಅವನಿಗೆ ಅದರ ಬೇಸರವಿರಲಿಲ್ಲ, ರೂಢಿಯಾಗಿತ್ತು. ಒಮ್ಮೆ ಅವರ ಮನೆಗೆ ಹೋದಾಗ ಅವಳು ಒಲೆಯಿಂದ ಕುದಿಯುವ ಗಂಜಿಯ ಮಡಕೆ ಇಳಿಸುತ್ತಿದ್ದಳು. ಎಡಗೈಗೆ ಹಾಕಿಕೊಂಡದ್ದು ಆ ಅಮೇರಿಕದ ಗವಸು. "ಇದ್ಕೇ ಮಾಡ್ದದ್ದ್ ಕಾಂತ್," ಎಂದಳು.

ಇನ್ನು ನಿಮಗೆ ಎರಡು ಮಾತು. ಹಂಚು ಕೊಂಡರೆ ತಟ್ಟಿ ನೋಡಿ, ಅಷ್ಟಕ್ಕೇ ನಂಬಬೇಡಿ. ತಿರುಗಿಸಿ ಮೂಗು ಮುಟ್ಟಿ. ಮೂಗು ಹೋದದ್ದನ್ನು ಬಿಸಾಡಬೇಡಿ, ಗೋಡೆಯ ತಲೆಗೆ ಗಾರೆ ಹಾಕಿ ಕೂರಿಸಿದರೆ ನಿಮ್ಮ ಕಾಲಕ್ಕೆ ಸಾಕು. ಕೆಲಸಗಾರನನ್ನು ಗೊತ್ತು ಮಾಡುವಾಗ ಕೈ ಎಷ್ಟು ಚುರುಕೆಂದು ನೋಡುವ ಮೊದಲು ಆ ಕೈ ಇಷ್ಟು ದಿನ ಏನು ಮಾಡಿತ್ತೆಂದು ಕೇಳಿ. ಹಳೆಯ ತಾಂಡೇಲನಿಗೆ 'ಇಳಿ' ಎನ್ನಬೇ‍ಡಿ, 'ಸ್ವಲ್ಪ ಕೂತ್ಕಣಿ' ಎನ್ನಿ. ಯಾರಿಗಾದರೂ ಏನನ್ನಾದರೂ ಎಸೆಯುವುದಿದ್ದರೆ, ಅದು ಹಂಚಾಗಲಿ, ಮಾತಾಗಲಿ, ಹಿಡಿಯುವವನ ಕೈ ಕಾಣುವ ತನಕ ಎಸೆಯಬೇಡಿ. ಅಷ್ಟು ಹೊತ್ತು ಭಾರ ನಿಮ್ಮ ರಟ್ಟೆಯಲ್ಲೇ ಇರಲಿ. ನಡುಗಿದರೆ ನಡುಗಲಿ.